ಸಹಾಯ ಬೇಕು: ಕಾಗೆಗಳಿಗೆ ಒಳ್ಳೆ ಬೈಗುಳ ಹೇಳಿ

ಎಲ್ಲರಿಗೂ ನಮಸ್ಕಾರ. ಮಕ್ಕಳಿಗೆ ಒಂದು ಕಥೆ ಬರೆಯುತ್ತಿದ್ದೇನೆ. ಅದರಲ್ಲಿ ಇರುವವರೆಲ್ಲ ಕಾಗೆಗಳೇ. ಒಂದು ಕಾಗೆ ಇನ್ನೊಂದಕ್ಕೆ 'ಕತ್ತೆ' ಅಂದರೆ ಮಜಾ ಇರುವುದಿಲ್ಲ, ಅಲ್ವಾ?

ಕೋಗಿಲೆ ಕಾಗೆಯ ಗೂಡಲ್ಲಿ ಮೊಟ್ಟೆ ಇಡುತ್ತದೆ, ಕಾಗೆ ಆ ಮರಿಯನ್ನು ತನ್ನದೆಂದೇ ಸಾಕುತ್ತದೆ. ಹಾಗಾಗಿ ಪೆದ್ದನಿಗೆ 'ಕೋಗಿಲೆ ಸಾಕಿದವನು' ಅಂತ ಇಟ್ಟೆ. ಬಸವಣ್ಣನವರ ವಚನದಲ್ಲಿ ಒಂದಗುಳು ಕಂಡರೂ ಬಳಗ ಕರೆಯುವ ಕಾಗೆ ಇದೆಯಲ್ಲ, ಅದನ್ನು ತಿರುಗಿಸಿ 'ಮುಚ್ಚುಗೊಕ್ಕ' ಮಾಡಿದೆ. ಅನ್ನ ಕಂಡರೂ ಕೊಕ್ಕು ಮುಚ್ಚಿಕೊಂಡು ಒಬ್ಬನೇ ತಿನ್ನುವವನು. ಈ ಕಾಗೆಗಳಲ್ಲಿ ಇದಕ್ಕಿಂತ ಕೆಟ್ಟ ಬೈಗುಳ ಇಲ್ಲ, ಹಾಗಂತ ಕರೆದರೆ ಜಗಳ ಗ್ಯಾರಂಟಿ. ಅಜ್ಜಿ ಕಾಗೆಗೆ ಒಂದು ಗಾದೆಯೂ ಇದೆ: 'ಇವತ್ತು ಪಿಂಡ ಇಟ್ಟವನು ನಾಳೆ ಕಲ್ಲು ಎಸೆದಾನು.' ನನಗೆ ಇದೇ ಜಾಸ್ತಿ ಇಷ್ಟ.

ಸಿಕ್ಕಿಕೊಂಡಿರುವುದು ಮುದ್ದಿನ ಮಾತಲ್ಲಿ. ತಾಯಿ ಕಾಗೆ ಮರಿಯನ್ನು ಏನಂತ ಕರೆಯಬೇಕು? 'ಬಂಗಾರ' ಬೇಡ, ಕಪ್ಪೇ ಚೆಂದ ಅನ್ನುವ ಲೋಕ ಅದು. ಗಿಡುಗನಿಗೂ ಒಂದು ಅಡ್ಡಹೆಸರು ಬೇಕು. ಜೋರಾಗಿ ಹೇಳಲು ಹೆದರಿ ಪಿಸುಗುಟ್ಟುವಂಥದ್ದು.

ಧಾರವಾಡ, ಕುಂದಾಪುರ ಕಡೆಯವರು ನಿಮ್ಮ ಧಾಟಿಯಲ್ಲೇ ಹೇಳಿ, ಊರಿಗೊಂದು ಕಾಗೆ ಭಾಷೆ ಇರಲಿ. ಜಾತಿ, ಮೈಬಣ್ಣ, ಅಂಗವೈಕಲ್ಯ ಹಿಡಿದು ಬೈಯುವುದು ಮಾತ್ರ ಬೇಡ. ಸುಮ್ನೆ ತಮಾಷೆಗೆ ಹೊಳೆದದ್ದಾದರೂ ಕಾಮೆಂಟಿನಲ್ಲಿ ಹಾಕಿ.