ಇಂಗ್ಲಿಷ್ ಕ್ಲಾಸಲ್ಲಿ ಗುಂಪು ಚರ್ಚೆಗೆ ಅಂಕ ಕೊಡೋದು ಹೇಗೆ?

ಯಲಹಂಕ_ಟೀಚರ್
ಎಂಟನೇ ತರಗತಿ, 52 ಮಕ್ಕಳು, 40 ನಿಮಿಷದ ಪೀರಿಯಡ್. ಎಫ್‌ಎ (ವರ್ಷದ ನಡುವೆ ಮಾಡೋ ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಗೆ ಗುಂಪು ಚರ್ಚೆ ಇಡಬೇಕು ಅಂತಿದ್ದೀನಿ. ಮಾತು, ವಿಚಾರ, ಸಹಕಾರ ಎಲ್ಲಾನೂ ಒಂದೇ ಸಲ ಅಳೆಯೋಕಾಗುತ್ತಾ? ಇಂಗ್ಲಿಷ್ ಚೆನ್ನಾಗಿ ಬರೋರಿಗೇ ಎಲ್ಲ ಅಂಕ ಹೋಗುತ್ತಲ್ಲ, ಅದಕ್ಕೇನು ಮಾಡೋದು?

ಬಸವನಗುಡಿ_ಮೇಷ್ಟ್ರು
ಒಂದೇ ಸಲ ಬೇಡ ಮೇಡಂ. ನಾಲ್ಕು ಜನರ ಗುಂಪು ಮಾಡಿ. ಯೋಚಿಸೋಕೆ 1 ನಿಮಿಷ, ಚರ್ಚೆಗೆ 6, ನೀವು ಅಂಕ ಬರೆಯೋಕೆ 2. ಪೀರಿಯಡ್‌ಗೆ ಮೂರು ಗುಂಪು ಅಂದ್ರೆ 13 ಗುಂಪು ಐದು ಪೀರಿಯಡ್‌ಗೆ ಮುಗಿಯುತ್ತೆ. ಉಳಿದವರಿಗೆ ಅಷ್ಟು ಹೊತ್ತು ಬರವಣಿಗೆ ಕೊಡಿ, ಇಲ್ಲಾಂದ್ರೆ ಗಲಾಟೆಯಲ್ಲಿ ಏನೂ ಕೇಳಿಸಲ್ಲ.

ಎರಡೇ ಕಾಲಂ ಇರಲಿ: ಭಾಷೆ, ಚರ್ಚೆ. ಚರ್ಚೆಗೆ 4 ಅಂಕ: ವಿಷಯಕ್ಕೆ ಸಂಬಂಧಪಟ್ಟ ಒಂದು ಮಾತಾಡಿದ್ರೆ 1, ತನ್ನ ಆಯ್ಕೆ ಹೇಳಿದ್ರೆ 2, ಕಾರಣಾನೂ ಕೊಟ್ಟರೆ 3, ಇನ್ನೊಬ್ಬರ ಮಾತು ಹಿಡಿದು ಕಾರಣ ಸಮೇತ ಒಪ್ಪಿದ್ರೆ ಅಥವಾ ಅಲ್ಲಗಳೆದ್ರೆ 4. ಶಾಲೆಗೆ ಏನು ಕೊಳ್ಳೋದು ಅನ್ನೋ ಚರ್ಚೆಯಲ್ಲಿ ‘ಶೀ ಟೆಲ್ ಕರೆಕ್ಟ್, ಬಟ್ ಫಿಲ್ಟರ್ ಈಸ್ ಮೋರ್ ಯೂಸ್’ ಅಂದು ಕಾರಣ ಕೊಟ್ಟ ಹುಡುಗನಿಗೂ ಇಲ್ಲಿ ಪೂರ್ತಿ 4. ವ್ಯಾಕರಣದ ತಪ್ಪಿಗೆ ಭಾಷೆಯ ಕಾಲಂನಲ್ಲಿ ಕಳೀರಿ. ‘ವಿಮರ್ಶಾ ಚಿಂತನೆ: ಉತ್ತಮ’ ಅಂತಷ್ಟೇ ಬರೆದಿಟ್ಟರೆ ಇಬ್ಬರು ಟೀಚರು ಒಂದೇ ಮಗುವಿಗೆ ಎರಡು ಥರ ಅಂಕ ಹಾಕ್ತಾರೆ.

‘ಮೊಬೈಲ್ ಒಳ್ಳೇದಾ ಕೆಟ್ಟದ್ದಾ’ ಅನ್ನೋ ವಿಷಯ ಖಂಡಿತ ಬೇಡ, ಬಾಯಿಪಾಠದ ಭಾಷಣವೇ ಬರುತ್ತೆ. ಶಾಲೆಗೆ 5,000 ರೂಪಾಯಿ ಬಂದಿದೆ, ಪುಸ್ತಕವೋ ಆಟದ ಸಾಮಾನೋ ನೀರಿನ ಫಿಲ್ಟರೋ, ಒಂದನ್ನ ಆರಿಸಿ ಅನ್ನಿ. ಗುಂಪಿನಿಂದ ಗುಂಪಿಗೆ ಮೊತ್ತ, ವಸ್ತು ಬದಲಿಸಿ. ಮೊದಲ ಗುಂಪು ಎದ್ದು ಹೋಗುತ್ತಲೇ ಪ್ರಶ್ನೆ ಹಿಂದಿನ ಬೆಂಚಿಗೆ ತಲುಪಿರುತ್ತೆ.

ಚಾಕ್‌ಪೀಸ್
ಮೇಷ್ಟ್ರ ಲೆಕ್ಕದಲ್ಲಿ ಸುಮ್ಮನೆ ಕೂತವರಿಗೆ ಸೊನ್ನೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಅದು ಅನ್ಯಾಯ. ಯೋಚಿಸೋ ನಿಮಿಷದಲ್ಲಿ ಕನ್ನಡದಲ್ಲಿ ಮಾತಾಡಲಿ ಬಿಡಿ. ‘ಐ ಅಗ್ರೀ, ಬಟ್’, ‘ವೈ ಡು ಯು ಥಿಂಕ್ ಸೋ’ ಥರದ ನಾಲ್ಕೈದು ವಾಕ್ಯ ಬೋರ್ಡ್ ಮೇಲಿರಲಿ. ಆಮೇಲೂ ಬಾಯಿ ಬಿಡದಿದ್ರೆ ನೀವೇ ಒಂದು ನೇರ ಪ್ರಶ್ನೆ ಕೇಳಿ, ನಂತರ ಅಂಕ ಹಾಕಿ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಸಹಪಾಠಿಗಳ ಮೌಲ್ಯಮಾಪನವೂ ಬೇಕು ಅನ್ನುತ್ತೆ. ಆದ್ರೆ ಅಂಕ ಹಾಕೋಕೆ ಬಿಟ್ಟರೆ ಗೆಳೆಯರಿಗೆಲ್ಲ ಫುಲ್ ಮಾರ್ಕ್ಸ್! ಅದರ ಬದಲು ಚೀಟಿಯಲ್ಲಿ ‘ಯಾರ ಯಾವ ಮಾತಿಗೆ ನಿನ್ನ ಅಭಿಪ್ರಾಯ ಬದಲಾಯ್ತು?’ ಅಂತ ಬರೆಸಿ. ಸಹಕಾರ ಯಾರದ್ದು ಅಂತ ಅದರಲ್ಲೇ ಗೊತ್ತಾಗುತ್ತೆ.

ಯಲಹಂಕ_ಟೀಚರ್
ಚೀಟಿ ಐಡಿಯಾ ಹಿಡಿಸ್ತು. ಪ್ರಾಜೆಕ್ಟ್‌ಗಳ ಕಥೆ? ಎಲ್ಲ ಚಾಟ್‌ಜಿಪಿಟಿ ವಾಸನೆ.

ಬಸವನಗುಡಿ_ಮೇಷ್ಟ್ರು
ಕೊನೆಯ ಪ್ರತಿಗೆ ಒಟ್ಟು ಅಂಕದಲ್ಲಿ ಅರ್ಧ ಮಾತ್ರ ಇಡಿ. ಉಳಿದದ್ದು ಕ್ಲಾಸಲ್ಲೇ ಬರೆದ ಕಚ್ಚಾ ಪ್ರತಿಗೆ, ಮತ್ತೆ 2 ನಿಮಿಷದ ಮೌಖಿಕ ಪ್ರಶ್ನೆಗೆ. ಪ್ರಾಜೆಕ್ಟ್‌ನಲ್ಲಿರೋ ಒಂದು ಕಷ್ಟದ ಪದಕ್ಕೆ ಬೆರಳಿಟ್ಟು, ಅದೇ ಅರ್ಥ ಬರೋ ಹಾಗೆ ಬೇರೆ ವಾಕ್ಯ ಹೇಳು ಅಂದ್ರೆ ಸಾಕು.