ಅಪ್‌ಡೇಟ್: ಶಿನಿಂಗ್‌ನಿಂದ ಲ್ಹಾಸಾಕ್ಕೆ ರೈಲಿನಲ್ಲಿ ಹೋಗಿ ಬಂದೆವು

ಟಿಬೆಟ್‌ನ ರಾಜಧಾನಿ ಲ್ಹಾಸಾಕ್ಕೆ ವಿಮಾನದಲ್ಲಿ ಹೋಗುವುದೋ ರೈಲಿನಲ್ಲೋ, ಎತ್ತರದಿಂದ ಬರುವ ಕಾಯಿಲೆಯನ್ನು ತಡೆಯುವುದು ಹೇಗೆ ಎಂದು ಹಿಂದೆ ಇಲ್ಲಿ ಕೇಳಿದ್ದೆ. ನಮ್ಮ ಪುಟ್ಟ ತಂಡ ಕ್ಷೇಮವಾಗಿ ಹಿಂದಿರುಗಿದೆ. ಸುಮಾರು 2,275 ಮೀಟರ್ ಎತ್ತರದ, ಚೀನಾದ ಛಿಂಗ್‌ಹಾಯ್ ಪ್ರಾಂತ್ಯದ ರಾಜಧಾನಿ ಶಿನಿಂಗ್‌ನಲ್ಲಿ ತಂಗಿ, ಬಳಿಕ 3,200 ಮೀಟರ್ ಎತ್ತರದ ಛಿಂಗ್‌ಹಾಯ್ ಸರೋವರದ ಬಳಿ ಉಳಿದು ಮುಂದುವರಿಯಿರಿ ಎಂಬ ಸಲಹೆಯೇ ಫಲ ಕೊಟ್ಟಿತು. ವೈದ್ಯರನ್ನು ಕೇಳಿ ತೆಗೆದುಕೊಂಡ, ಎತ್ತರದ ಕಾಯಿಲೆ ತಡೆಯುವ ಅಸೆಟಜೋಲಮೈಡ್ ಮಾತ್ರೆಯೂ ನೆರವಾಗಿರಬಹುದು. ರೈಲೇ ದೇಹವನ್ನು ಎತ್ತರಕ್ಕೆ ಒಗ್ಗಿಸುತ್ತದೆ ಎಂಬ ಮಾತು ಮಾತ್ರ ನಿಜವಾಗಲಿಲ್ಲ, ಏಕೆಂದರೆ ಒಂದು ದಿನದೊಳಗೇ ಅದು 5,072 ಮೀಟರ್ ಎತ್ತರದ ತಾಂಗ್ಗುಲಾ ಘಟ್ಟವನ್ನು ದಾಟುತ್ತದೆ. ಬೋಗಿಯೊಳಗೆ ಆಮ್ಲಜನಕ ಹರಿಸಿದರೂ ಗಾಳಿಯ ಒತ್ತಡ ಕಡಿಮೆಯೇ ಇದ್ದುದರಿಂದ ಚಿಪ್ಸ್ ಪೊಟ್ಟಣಗಳು ಬಲೂನಿನಂತೆ ಉಬ್ಬಿ ನಿಂತವು, ಇಬ್ಬರಿಗೆ ತಲೆನೋವೂ ಕಾಣಿಸಿಕೊಂಡಿತು. ಅಂಗಡಿಯಲ್ಲಿ ಕೊಂಡ ಆಮ್ಲಜನಕದ ಡಬ್ಬಿ ಕೆಲವೇ ನಿಮಿಷಗಳಲ್ಲಿ ಮುಗಿಯಿತು, ದುಡ್ಡು ದಂಡ.

ಅಚ್ಚರಿಯೆಂದರೆ ಬೀಜಿಂಗ್‌ನಿಂದ ಬಹಳ ಪಶ್ಚಿಮಕ್ಕಿರುವ ಲ್ಹಾಸಾದಲ್ಲೂ ಗಡಿಯಾರ ನಡೆಯುವುದು ಬೀಜಿಂಗ್ ಸಮಯಕ್ಕೇ, ಹಾಗಾಗಿ ಸೂರ್ಯೋದಯ ತಡ. ಟಿಬೆಟ್ ಪ್ರವೇಶದ ಪರವಾನಗಿಯನ್ನು ವಿದೇಶಿಯರು ತಾವಾಗಿ ಪಡೆಯುವಂತಿಲ್ಲ, ಪ್ರವಾಸ ಸಂಸ್ಥೆಯೇ ಮಾಡಿಸಬೇಕು. ವಿಮಾನದಲ್ಲಿ ಹೋಗುವವರು ಅದರ ಮೂಲಪ್ರತಿಯನ್ನೇ ತೋರಿಸಬೇಕಾಗುವುದರಿಂದ, ಅದು ಕೈಸೇರಲು ಬೇಕಾದ ಸಮಯವನ್ನೂ ಲೆಕ್ಕಕ್ಕೆ ಹಿಡಿದು ಟಿಕೆಟ್ ಕಾಯ್ದಿರಿಸಿ.