ಬೇಸಿಗೆಯಲ್ಲಿ ಉದ್ದದ ಹಾದಿಯನ್ನು ತುಂಡು ತುಂಡಾಗಿ ನಡೆದವರು ಇದ್ದೀರಾ?

ನೂರಾರು ಕಿಲೋಮೀಟರ್ ಉದ್ದದ ಟ್ರೆಕ್ಕಿಂಗ್ ಹಾದಿ ಅದು. ಒಂದೇ ಸಲಕ್ಕೆ ಮುಗಿಸುವಷ್ಟು ರಜೆ ನನಗೆ ಸಿಗುವುದಿಲ್ಲ. ಅದಕ್ಕೇ ವಾರಕ್ಕೊಂದು ತುಂಡು, ಬೆಳಿಗ್ಗೆ ಹೋಗಿ ಸಂಜೆ ವಾಪಸ್, ಹೀಗೆ ನಡೆಯೋಣ ಅಂದುಕೊಂಡಿದ್ದೇನೆ. ಆದರೆ ಬಿಡುವು ಸಿಗುವುದು ಬೇಸಿಗೆಯಲ್ಲೇ. ಚಳಿಗಾಲದಲ್ಲಿ ದಿನಕ್ಕೆ 20 ಕಿಲೋಮೀಟರ್ ಆರಾಮಾಗಿ ನಡೆಯುತ್ತೇನೆ. ಬಿಸಿಲಲ್ಲಿ ಎಷ್ಟು ಇಟ್ಟುಕೊಳ್ಳಲಿ? ನೀರು ಎಷ್ಟು ಹೊರಲಿ? ಅನುಭವ ಇದ್ದವರು ಹೇಳಿ.

* * *

20 ಅನ್ನೋ ಲೆಕ್ಕ ಪಕ್ಕಕ್ಕಿಡಿ. ಬೇಸಿಗೆಯಲ್ಲಿ ಕೇಳಬೇಕಾದ್ದು ಎಷ್ಟು ದೂರ ಅಂತಲ್ಲ, ಹತ್ತು ಗಂಟೆಗೆ ನಾನು ಎಲ್ಲಿರುತ್ತೇನೆ ಅಂತ.

ಇದನ್ನು ನಾನು ಕಲಿತಿದ್ದು ಪೆಟ್ಟು ತಿಂದೇ. 14 ಕಿಲೋಮೀಟರ್‌ನ ಒಂದು ತುಂಡು. ಮೊದಲ ಅರ್ಧ ಪೂರ್ತಿ ಇಳಿಜಾರು, ಕೆಳಗೆ ಹೊಳೆ, ಆಮೇಲೆ ಅದೇ ದಾರಿಯಲ್ಲಿ ವಾಪಸ್. ಇಳಿಯುವಾಗ ಹಾಡು ಹೇಳಿಕೊಂಡು ಹೋದೆ. ಹೊಳೆಯ ಹತ್ತಿರ ಒಂದು ತಾಸು ಕಾಲು ಚಾಚಿದೆ. ಹತ್ತೋಕೆ ಶುರು ಮಾಡಿದಾಗ ಹನ್ನೆರಡು ದಾಟಿತ್ತು. ಬಂಡೆಗಳೆಲ್ಲ ಕಾದು ಕೆಳಗಿನಿಂದಲೂ ಬಿಸಿ ಹೊಡೆಯುತ್ತಿತ್ತು. ಎರಡು ತಾಸಿನ ಏರಿಗೆ ನಾಲ್ಕೂವರೆ ತಾಸು ಹಿಡಿಯಿತು. ಕೊನೆಯ ಒಂದು ತಾಸಿಗೆ ಬಾಟಲಿಯಲ್ಲಿ ಹನಿ ನೀರಿರಲಿಲ್ಲ.

ಇಳಿದು ಹತ್ತುವ ಹಾದಿಯ ಮೋಸ ಇದು. ಬೆಟ್ಟವಾದರೆ ಸುಸ್ತಾದ ಕಡೆಯಿಂದ ಹಿಂದಿರುಗಬಹುದು, ವಾಪಸ್ ಬರುವುದು ಸುಲಭ. ಕಣಿವೆಯಲ್ಲಿ ಸುಸ್ತು ಗೊತ್ತಾಗುವ ಹೊತ್ತಿಗೆ ಕಷ್ಟದ ಭಾಗ ಇನ್ನೂ ಮುಂದೆಯೇ ಇರುತ್ತದೆ. ಮೇಲಾಗಿ ಸಾವಿರ ಮೀಟರ್ ಇಳಿದರೆ ಸುಮಾರು 6 ಡಿಗ್ರಿ ಸೆಖೆ ಜಾಸ್ತಿ. ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ರಾಷ್ಟ್ರೀಯ ಉದ್ಯಾನದವರು ಬೇಸಿಗೆಯಲ್ಲಿ ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ನಡೆಯಲೇಬೇಡಿ ಎಂದು ಹೇಳುವುದು ಸುಮ್ನೆ ಅಲ್ಲ.

ಲೆಕ್ಕ ಬೇಕಿದ್ದರೆ ನೈಸ್ಮಿತ್ ಸೂತ್ರ ಇದೆ. 1892ರಷ್ಟು ಹಳೆಯದು. 5 ಕಿಲೋಮೀಟರ್‌ಗೆ ಒಂದು ತಾಸು, 600 ಮೀಟರ್ ಏರಿಗೆ ಇನ್ನೊಂದು ತಾಸು. ಅದು ತಂಪು ಹವೆಯಲ್ಲಿ ನಡೆಯುವ ಗಟ್ಟಿ ಕಾಲಿನವರ ಲೆಕ್ಕ. ಬಿಸಿಲಲ್ಲಿ ನಾನು ಅದರ ಮೇಲೆ ಅರ್ಧ ಸೇರಿಸುತ್ತೇನೆ. ಆಮೇಲೆ ಹತ್ತು ಗಂಟೆಯಿಂದ ಹಿಂದಕ್ಕೆ ಎಣಿಸಿ ಹೊರಡುವ ಹೊತ್ತು ಗೊತ್ತು ಮಾಡುತ್ತೇನೆ. ಹಾಗೆ ನೋಡಿದರೆ ನಿಮ್ಮ 20 ಕಿಲೋಮೀಟರ್ 12ಕ್ಕೆ ಇಳಿಯುತ್ತದೆ. ಬೇಜಾರಾಗಬೇಡಿ.

* * *

ನೀರಿನ ಬಗ್ಗೆ ನಾನು ಹೇಳುತ್ತೇನೆ. ಬಿಸಿಲಲ್ಲಿ ನಡೆಯುವವರಿಗೆ ಗಂಟೆಗೆ ಅರ್ಧದಿಂದ ಒಂದು ಲೀಟರ್ ಬೇಕಾಗುತ್ತದೆ. ಆರು ತಾಸಿನ ನಡಿಗೆಗೆ ನಾಲ್ಕೈದು ಲೀಟರ್. ಒಂದು ಲೀಟರ್ ಅಂದರೆ ಒಂದು ಕೆಜಿ. ಬೆನ್ನು ನೋವು ಗ್ಯಾರಂಟಿ!

ತುಂಡು ತುಂಡಾಗಿ ನಡೆಯುವವರಿಗೆ ಇಲ್ಲೊಂದು ಅನುಕೂಲ ಇದೆ. ಹಾದಿ ಎಲ್ಲಾದರೂ ವಾಹನ ರಸ್ತೆಯನ್ನು ದಾಟುತ್ತಾ ನೋಡಿ. ದಾಟಿದರೆ ಹಿಂದಿನ ದಿನವೇ ಅಲ್ಲಿ ಎರಡು ಲೀಟರ್ ಮುಚ್ಚಿಟ್ಟು ಬನ್ನಿ. ಖಾಲಿ ಬಾಟಲಿ ವಾಪಸ್ ತರಬೇಕು, ಅದು ಹೇಳಬೇಕಾಗಿಲ್ಲ ಅಲ್ವಾ. ನಕ್ಷೆಯಲ್ಲಿ ನೀಲಿ ಗೆರೆ ಇದೆ ಅಂತ ತೊರೆಯನ್ನು ನಂಬಬೇಡಿ. ಬೇಸಿಗೆಯಲ್ಲಿ ಅದು ಬರೀ ಕಲ್ಲಿನ ಸಾಲಾಗಿರಬಹುದು.

ಹೆದರಿ ವಿಪರೀತ ಕುಡಿಯುವುದೂ ತಪ್ಪು. ಬೆವರಿನಲ್ಲಿ ಉಪ್ಪೂ ಹೋಗುತ್ತದೆ. ಬರೀ ನೀರನ್ನೇ ಸುರಿದುಕೊಳ್ಳುತ್ತಾ ಹೋದರೆ ರಕ್ತದಲ್ಲಿ ಸೋಡಿಯಂ ಕುಸಿಯುತ್ತದೆ. ಆಗಲೂ ತಲೆನೋವು, ವಾಂತಿ, ಮಂಕು. ನೋಡಿದವರು ಬಿಸಿಲಿನ ಬಾಧೆ ಅಂದುಕೊಂಡು ಇನ್ನಷ್ಟು ನೀರು ಕುಡಿಸುತ್ತಾರೆ, ಅದು ಇನ್ನೂ ಅಪಾಯ. ನಾನು ತಾಸಿಗೊಮ್ಮೆ ಏನಾದರೂ ಉಪ್ಪಿರುವುದನ್ನು ತಿನ್ನುತ್ತೇನೆ. ಹಸಿವಿಲ್ಲದಿದ್ದರೂ ಸರಿ.

* * *

ಒಂದೇ ಮಾತು. ಇಬ್ಬಿಬ್ಬರ ಎರಡು ತಂಡ ಮಾಡಿ, ಎರಡು ತುದಿಗಳಿಂದ ಹೊರಡಿ. ನಡುವೆ ಸಿಕ್ಕಾಗ ಕಾರಿನ ಕೀ ಬದಲಾಯಿಸಿಕೊಳ್ಳಿ. ಅದೇ ದಾರಿ ವಾಪಸ್ ನಡೆಯುವುದು ತಪ್ಪುತ್ತದೆ. ಕೀ ಕೊಡೋದು ಮರೆತು ಹರಟೆ ಹೊಡೆದು ಮುಂದೆ ಹೋದವರು ನಾವು, ನೀವು ಹಾಗೆ ಮಾಡಬೇಡಿ.

* * *

ಮೇಲಿನವರು ಹೇಳದ ಒಂದು ವಿಷಯ. ಸೆಖೆಗೆ ದೇಹ ಒಗ್ಗಿಕೊಳ್ಳಲು ಒಂದೆರಡು ವಾರ ಬೇಕು, ಅದೂ ಹೆಚ್ಚುಕಡಿಮೆ ದಿನಾ ಸೆಖೆಯಲ್ಲಿ ಮೈ ದಣಿಸಿದರೆ. ಇಡೀ ಹಾದಿಯನ್ನು ಒಂದೇ ಸಲ ನಡೆಯುವವರು ತಾವಾಗಿಯೇ ಒಗ್ಗಿಕೊಳ್ಳುತ್ತಾರೆ. ವಾರಕ್ಕೊಮ್ಮೆ ಬರುವ ನಾವು ಆರು ದಿನ ಎಸಿಯಲ್ಲಿ ಕೂತು ಪ್ರತಿ ಸಲ ಹೊಸಬರಾಗಿಯೇ ಬರುತ್ತೇವೆ. ವಾರದ ಮಧ್ಯೆ ಸಂಜೆ ಸೆಖೆ ಇರುವಾಗಲೇ ಒಂದು ತಾಸು ಬಿರುಸಾಗಿ ನಡೆಯಿರಿ. ನನಗೆ ಬೇರೆಲ್ಲ ಉಪಾಯಕ್ಕಿಂತ ಇದು ಜಾಸ್ತಿ ಕೆಲಸಕ್ಕೆ ಬಂತು.

ಅಲರ್ಜಿಗೋ ಬಿಪಿಗೋ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲು ವೈದ್ಯರನ್ನು ಕೇಳಿ. ಕೆಲವು ಮಾತ್ರೆಗಳಿಂದ ಬೆವರು ಕಡಿಮೆಯಾಗುತ್ತದೆ, ಕೆಲವು ಮೈಯ ನೀರು ಇಳಿಸುತ್ತವೆ.

ಜೊತೆಗಿರುವವರ ಮಾತಿನ ಮೇಲೆ ಕಿವಿ ಇಡಿ. ತಲೆಸುತ್ತು, ವಾಕರಿಕೆ ಅಂದರೆ ನೆರಳಲ್ಲಿ ಕೂರಿಸಿ, ಅವತ್ತಿನ ನಡಿಗೆ ಅಲ್ಲಿಗೇ ಮುಗಿಸಿ. ಆದರೆ ಮಾತು ತೊದಲಿದರೆ, ಎಲ್ಲಿದ್ದೇವೆ ಅಂತ ಗೊತ್ತಾಗದಿದ್ದರೆ ಅದು ಶಾಖಾಘಾತ. ಮೈ ಬೆವರುತ್ತಿದೆ, ಹಾಗಾಗಿ ಪರವಾಗಿಲ್ಲ ಅನ್ನಬೇಡಿ. ನಡೆದು ಬೆವರಿದವರಿಗೂ ಅದು ಆಗುತ್ತದೆ. ತಕ್ಷಣ ಸಹಾಯಕ್ಕೆ ಫೋನ್ ಮಾಡಿ. ಅವರು ಬರುವವರೆಗೆ ಇರುವ ನೀರನ್ನೆಲ್ಲ ಮೈಮೇಲೆ ಸುರಿದು ಗಾಳಿ ಬೀಸಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ.

* * *

ಬಟ್ಟೆಯ ಬಗ್ಗೆ ಎಲ್ಲರೂ ಕಾಟನ್ ಬೇಡ ಅಂತಾರೆ. ನಾನು ಒಪ್ಪೋದಿಲ್ಲ. ಒಣ ಹವೆಯ ಬಯಲಿನಲ್ಲಿ ಒದ್ದೆ ಮಾಡಿದ ಕಾಟನ್ ಅಂಗಿಯಷ್ಟು ತಂಪು ಇನ್ಯಾವುದೂ ಇಲ್ಲ. ಆದರೆ ತೇವ ತುಂಬಿದ ಕಾಡಿನಲ್ಲಿ ಅದೇ ಅಂಗಿ ಒಣಗದೆ ಚರ್ಮ ಉಜ್ಜುತ್ತದೆ. ನೆರಳಿದ್ದ ಮಾತ್ರಕ್ಕೆ ಕಾಡು ಸುಲಭ ಅಂದುಕೊಳ್ಳಬೇಡಿ, ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಬಯಲಿದ್ದರೆ ಕೊಡೆ ತೆಗೆದುಕೊಂಡು ಹೋಗಿ. ನಗುವವರು ನಗಲಿ. ಹವಾಮಾನ ವರದಿಯಲ್ಲಿ ಹೇಳುವ ಉಷ್ಣಾಂಶ ನೆರಳಿನದು ಅನ್ನೋದು ನೆನಪಿರಲಿ.

* * *

ಎಲ್ಲರಿಗೂ ಥ್ಯಾಂಕ್ಸ್. ನಕ್ಷೆ ತೆಗೆದು ಕೂತೆ. ಮೊದಲಿಗೆ ಅಂದುಕೊಂಡಿದ್ದ ತುಂಡು ನೋಡಿದರೆ ಪೂರ್ತಿ ಕಣಿವೆ! ಅದನ್ನು ಚಳಿಗಾಲಕ್ಕೆ ಬಿಟ್ಟೆ. ಈ ವಾರ 11 ಕಿಲೋಮೀಟರ್, ಏರು ಮೊದಲು, ನಡುವೆ ಒಂದು ರಸ್ತೆ ದಾಟುತ್ತದೆ. ಐದಕ್ಕೆ ಹೊರಡುತ್ತೇವೆ.

* * *

ಹೆಡ್‌ಲ್ಯಾಂಪ್ ಬ್ಯಾಟರಿ ಇವತ್ತೇ ನೋಡಿಕೊಳ್ಳಿ. ಐದಕ್ಕೆ ಹೊರಟರೆ ಮೊದಲ ಒಂದಷ್ಟು ಹೊತ್ತು ಕತ್ತಲೆಯೇ.